ಮತಗಟ್ಟೆಯಲ್ಲಿ ಗಂಗೂ ಮಾವಶಿಯ ಒಡಪು

ನಾಲ್ಕು ವರ್ಷ ತನ್ನ ಮನೆಯಲ್ಲಿ ಇಟ್ಟುಕೊಂಡು ನನಗೆ ಅನ್ನ ಹಾಕಿದ ಹೆಂಗಸನ್ನು ಎದುರಿಗೆ ನೋಡುತ್ತ, "ಈಕೆ ಯಾರೆಂದು ನನಗೆ ಗೊತ್ತಿಲ್ಲ" ಎಂದು ನಾನು ಹೇಳಿದ್ದೇನೆ. ಗುರುತು ಸಿಗದೆ ಹೇಳಿದ ಮಾತಲ್ಲ. ಹಾಡಹಗಲಿನಲ್ಲಿ, ಒಬ್ಬ ಸರ್ಕಾರಿ ಅಧಿಕಾರಿಯ ಮುಂದೆ, ಸ್ಪಷ್ಟ ಉಚ್ಚಾರದಲ್ಲಿ ಹೇಳಿದ್ದು. ಅದನ್ನು ಮುಚ್ಚಿಕೊಳ್ಳಲು ಆಮೇಲೆ ನನ್ನ ತಾಯಿಗೆ ಇನ್ನೊಂದು ಸುಳ್ಳು ಹೇಳಿದೆ — ಅದು ಮೊದಲನೆಯದಕ್ಕಿಂತ ಹೀನವಾದದ್ದು.

ಓದುಗರು ಮೊದಲೇ ಕ್ಷಮಿಸಬೇಕು. ನಾನು ಲೇಖಕನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಕಾರಣದಿಂದಲೋ ಏನೋ, ತಪ್ಪಾದೀತೆಂಬ ಭಯ ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಒಂದು ವಾಕ್ಯ ಬರೆದು ಮೂರು ಸಲ ಓದುತ್ತೇನೆ. ನೆನಪೂ ಕೆಲವೆಡೆ ಕೈಕೊಡುತ್ತದೆ. ಹೇಳುವ ಕ್ರಮದಲ್ಲಿ ಕೊರತೆಗಳಿರಬಹುದು. ಹೇಳಿದ ವಿಷಯದಲ್ಲಿ ಮಾತ್ರ ಏನನ್ನೂ ಕಡಿಮೆ ಮಾಡಿಲ್ಲ.

ನಮ್ಮ ಊರು ನಂದಗಡ. ಅಪ್ಪನದು ಎಣ್ಣೆಯ ಗಾಣ. ಅವ್ವ ಬಸವ್ವ ವಾರದ ಸಂತೆಯಲ್ಲಿ ಎಣ್ಣೆಯ ಡಬ್ಬಿಗಳನ್ನು ಇಟ್ಟುಕೊಂಡು ಕೂಡುತ್ತಿದ್ದಳು. ಅವಳ ಪಕ್ಕದಲ್ಲಿ ಖಾನಾಪುರದಿಂದ ಗಡಿಗೆ, ಪರಿಯಾಣ, ಮುಚ್ಚಳಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಕೂಡುತ್ತಿದ್ದವರು ಗಂಗೂಬಾಯಿ. ನಾವು ಅವರನ್ನು ಮಾವಶಿ ಎನ್ನುತ್ತಿದ್ದೆವು. ಮರಾಠಿಯಲ್ಲಿ ಹಾಗೆಂದರೆ ತಾಯಿಯ ತಂಗಿ. ಅವರ ಮನೆಮಾತು ಮರಾಠಿ, ನಮ್ಮದು ಕನ್ನಡ. ಆದರೆ ಸಂತೆಯಲ್ಲಿ ಆ ಇಬ್ಬರು ಆಡುತ್ತಿದ್ದ ಮಾತು ಯಾವ ಭಾಷೆಯದೆಂದು ಹೇಳುವುದು ಕಠಿಣವಿತ್ತು. ಒಂದು ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುತ್ತಿತ್ತು, ನಡುವೆ ಗಿರಾಕಿಗೆ ಒಂದು ಬೈಗುಳ.

ನಂದಗಡದಲ್ಲಿ ಓದು ಮುಗಿದ ಮೇಲೆ ಮುಂದಿನ ಶಾಲೆಗೆ ಖಾನಾಪುರಕ್ಕೆ ಹೋಗಬೇಕಾಯಿತು. ಎಲ್ಲಿ ಇರುವುದು ಎಂಬ ಪ್ರಶ್ನೆಯನ್ನು ಅವ್ವ ಮತ್ತು ಮಾವಶಿ ಸಂತೆಯಲ್ಲಿ ಕುಳಿತಲ್ಲೇ ಬಗೆಹರಿಸಿದರು.

"ನಮ್ಮ ಮನ್ಯಾಗ ಇರ್ಲಿ ಬಿಡು ಬಸವ್ವಾ. ನನ್ನ ಗಂಡ ಉಂಡ ಮ್ಯಾಲ ಉಳಿಯೂದು ಇವಗ ಸಾಕು, ಕಡ್ಡಿಹಂಗ ಅದಾನ."

"ಕಡ್ಡಿ ಅಂತಿ. ಉಣ್ಣಾಕ ಕುಂತಾಗ ನೋಡು."

ಹೀಗೆ ನಾನು ಅವರ ಮನೆಗೆ ಹೋದೆ. ಮಾವಶಿಯ ಗಂಡ ಪರಶುರಾಮ ಮಾತು ಕಡಿಮೆಯ ಮನುಷ್ಯ; ಕುಂಬಾರಿಕೆಯ ತಿಗರಿ ತಿರುಗಿಸುತ್ತಿದ್ದರು, ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ಗೋವೆಗೆ ದುಡಿಯಲು ಹೋಗುತ್ತಿದ್ದರು. ಅವರಿಗೆ ಸುಮನ್ ಎಂಬ ಚಿಕ್ಕ ಮಗಳು. ಮಾವಶಿ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ — "ಪೋರಾ" ಎನ್ನುತ್ತಿದ್ದರು, ಹುಡುಗಾ ಎಂದು. ಲಿಂಗಪೂಜೆಯಾಗದೆ ನಾನು ಉಣ್ಣುವುದಿಲ್ಲವೆಂದು ತಿಳಿದು, ಮುಂಜಾನೆ ನನಗೆಂದೇ ಒಂದು ತಂಬಿಗೆ ನೀರು ಬೇರೆಯಾಗಿ ತುಂಬಿಡುತ್ತಿದ್ದರು. ಯಾರೂ ಹೇಳಿರಲಿಲ್ಲ. ಅವರಿಗೇ ತಿಳಿದಿತ್ತು.

ಆಮೇಲೆ ನಾನು ಬೆಳಗಾವಿಗೆ ಹೋಗಿ ಬಿ.ಎ. ಮುಗಿಸಿದೆ. ಆ ಹೊತ್ತಿಗೆ ಎರಡು ಸಂಗತಿಗಳು ನಡೆದಿದ್ದವು. ಒಂದು — ಗೋವೆ ಇನ್ನೂ ಪೋರ್ತುಗೀಜರ ಕೈಯಲ್ಲಿತ್ತು, ಗಡಿ ಬಂದಾಯಿತು, ಲೋಂಡಾದಿಂದ ಆಚೆಗೆ ಹೋಗುವ ರೈಲು ನಿಂತಿತು. ದುಡಿಯಲು ಹೋಗಿದ್ದ ಪರಶುರಾಮ ಅತ್ತ ಕಡೆಯೇ ಉಳಿದರು. ಸುದ್ದಿಯಿಲ್ಲ. ಮಾವಶಿಯ ಮೈದುನ ಊರೆಲ್ಲ ಹೇಳುತ್ತ ತಿರುಗತೊಡಗಿದ: ಅಣ್ಣ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ, ಇವಳಿನ್ನು ಯಾತರ ಹೆಂಡತಿ, ತವರಿಗೆ ಹೋಗಲಿ, ಮನೆ ನನಗೆ ಬಿಡಲಿ — ಎಂದು. ಇನ್ನೊಂದು ಸಂಗತಿ ಎಲ್ಲರಿಗೂ ತಿಳಿದದ್ದೇ. ಮುಂಬೈ ಪ್ರಾಂತದಲ್ಲಿದ್ದ ನಾವು ಹೊಸದಾಗಿ ರೂಪುಗೊಂಡ ರಾಜ್ಯಕ್ಕೆ ಸೇರಿದೆವು. ಮರುವರ್ಷವೇ ಆ ರಾಜ್ಯದ ಮೊದಲ ವಿಧಾನಸಭಾ ಚುನಾವಣೆ ಬಂತು.

ಆ ದಿನಗಳ ಬಿಸಿಯನ್ನು ಇಂದಿನವರಿಗೆ ಹೇಳುವುದು ಹೇಗೆ — ನಿನ್ನೆಯವರೆಗೆ ಅವ್ವನೂ ಮಾವಶಿಯೂ ಒಂದೇ ವಾಕ್ಯವನ್ನು ಹಂಚಿಕೊಂಡು ಮಾತನಾಡುತ್ತಿದ್ದ ಊರಿನಲ್ಲಿ, ಯಾರ ಮನೆಮಾತು ಯಾವುದು ಎಂದು ಜನ ಎಣಿಸತೊಡಗಿದ್ದರು. ನಾನೂ ಎಣಿಸಿದೆ. ಹೊಸ ಪದವೀಧರ, ಹೊಸ ರಾಜ್ಯಕ್ಕೆ ಗುಮಾಸ್ತರು ಬೇಕು, ಕನ್ನಡ ಚೆನ್ನಾಗಿ ಬರೆಯಬಲ್ಲೆ. ಕನ್ನಡದ ಕಡೆಯ ಒಬ್ಬ ಅಭ್ಯರ್ಥಿಯ ಪರವಾಗಿ ಓಡಾಡುತ್ತಿದ್ದ ವಕೀಲರು ನನ್ನನ್ನು ಖಾನಾಪುರದ ಒಂದು ಮತಗಟ್ಟೆಗೆ ಏಜೆಂಟನಾಗಿ ನೇಮಿಸಿದರು. ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಕುಂಬಾರ ಓಣಿ ಮತ ನಮಗ ಬೀಳೂದಿಲ್ಲ, ಅದು ಗೊತ್ತಿದ್ದದ್ದ. ಅಲ್ಲಿಂದ ಬಂದವರನ್ನ ಸ್ವಲ್ಪ ಬಿಗಿ ಹಿಡೀರಿ. ನೀವು ಕಾಯದೆ ತಿಳದವರು. ನಿಮ್ಮ ಚುರುಕ ನೋಡೂಣು, ಮುಂದ ನಿಮ್ಮ ನೌಕರಿ ನಾ ನೋಡತೀನಿ."

ಕಾಯದೆ ತಿಳಿದವರು. ಆ ಎರಡು ಪದಗಳಿಗೆ ನಾನು ಎಷ್ಟು ಉಬ್ಬಿದೆನೆಂದರೆ — ಇರಲಿ.

ಮತದಾನದ ಹಿಂದಿನ ಸಂಜೆ ನಾನು ಮಾವಶಿಯ ಮನೆಯಲ್ಲೇ ಉಂಡೆ. ಯಾವ ಕಡೆಯ ಏಜೆಂಟನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಗೆ ಬೇರೊಂದು ಚಿಂತೆಯಿತ್ತು. ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಡೆ ಇರಲಿಲ್ಲ. ಕನ್ನಡದವರಲ್ಲಿಯೂ ಇಲ್ಲ, ಮರಾಠಿಯವರಲ್ಲಿಯೂ ಇಲ್ಲ. ಮತಗಟ್ಟೆಯಲ್ಲಾದರೋ ಗಂಡನ ಹೆಸರು ಕೇಳಿಯೇ ಗುರುತು ಹಿಡಿಯುತ್ತಿದ್ದರು. ಅದಕ್ಕೆ ಹೆಂಗಸರು ತಾವೇ ಒಂದು ಉಪಾಯ ಮಾಡಿಕೊಂಡಿದ್ದರು: ಇಬ್ಬಿಬ್ಬರು ಜೊತೆಯಾಗಿ ಹೋಗುವುದು, ಇವಳ ಗಂಡನ ಹೆಸರನ್ನು ಅವಳು, ಅವಳ ಗಂಡನ ಹೆಸರನ್ನು ಇವಳು ಹೇಳುವುದು. ಮೈದುನನ ಮಾತಿನಿಂದಾಗಿ ಓಣಿಯ ಹೆಂಗಸರು ಮಾವಶಿಯ ಜೊತೆ ಹೋಗಲು ಹಿಂದೆಮುಂದೆ ನೋಡುತ್ತಿದ್ದರು.

"ನೀ ಅಲ್ಲೇ ಕುಂತಿರ್ತಿ ಅಲ್ಲ ಪೋರಾ?"

"ಇರ್ತೀನಿ ಮಾವಶಿ."

"ಹಂಗಾದ್ರ ನನಗ್ಯಾಕ ಜೋಡಿ? ಅವರ ಹೆಸರ ನೀನ ಹೇಳು. ನಾ ನಿನ್ನ ನೆಚ್ಚಿ ಒಬ್ಬಾಕಿನ ಬರತೀನಿ."

ನಾನು "ಆತು" ಎಂದೆ. ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ಆಗಿನ ಮತದಾನದ ಪದ್ಧತಿಯನ್ನು ಇಲ್ಲಿ ಹೇಳಬೇಕು. ಮತಪತ್ರದ ಮೇಲೆ ಯಾವ ಗುರುತನ್ನೂ ಹಾಕುವಂತಿರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ. ಕೈಗೆ ಬಂದ ಚೀಟಿಯನ್ನು ಮನಸ್ಸಿಗೆ ಬಂದ ಪೆಟ್ಟಿಗೆಯಲ್ಲಿ ಹಾಕಿ ಬರುವುದು. ಹಳೆಯ ಮೈಸೂರಿನ ಕಡೆಯಿಂದ ಬಂದಿದ್ದ ನಮ್ಮ ಮತಗಟ್ಟೆಯ ಅಧಿಕಾರಿ ನಯವಾದ ಮನುಷ್ಯರು. ನಮ್ಮ ಕಡೆಯ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಮರಾಠಿ ಏನೂ ತಿಳಿಯುತ್ತಿರಲಿಲ್ಲ. ಪೆಟ್ಟಿಗೆಗೆ ಕೈಮುಗಿದು ಬಂದ ಮುದುಕರನ್ನೂ, ಚೀಟಿಯನ್ನು ಪೆಟ್ಟಿಗೆಯ ಮೇಲೆಯೇ ಇಟ್ಟು ಬಂದ ಹೆಂಗಸರನ್ನೂ ತಿರುಗಿ ಕಳಿಸಿ ಕಳಿಸಿ ಅವರು ಬೇಸತ್ತಿದ್ದರು.

ಮಧ್ಯಾಹ್ನ ಸಾಲು ಕರಗಿತು. ಎದುರು ಪಕ್ಷದ ಏಜೆಂಟ್ ಊಟಕ್ಕೆ ಎದ್ದುಹೋದ. ಹೊಸಿಲಿನ ಹೊರಗೆ ನಮ್ಮ ವಕೀಲರು ಬಂದು ನಿಂತು, ಒಳಗೆ ಒಂದು ಸಲ ನೋಡಿ, ನನಗೆ ತಲೆಯಾಡಿಸಿ ಹೋದರು. ಅವರು ಹೋದ ಹಿಂದೆಯೇ ಮಾವಶಿ ಒಳಗೆ ಬಂದರು. ಹಸಿರು ಇಳಕಲ್ ಸೀರೆ — ಅದು ಪೆಟ್ಟಿಗೆಯಿಂದ ಹೊರಬರುತ್ತಿದ್ದುದು ಮದುವೆಗಳಿಗೆ ಮಾತ್ರ. ಬಂದವರೇ ನನ್ನನ್ನು ನೋಡಿ ನಕ್ಕರು.

"ನಿಮ್ಮ ಹೆಸರೇನಮ್ಮ?"

"ಗಂಗೂಬಾಯಿ."

"ಗಂಡನ ಹೆಸರು?"

ಮಾವಶಿ ನನ್ನ ಕಡೆಗೆ ತಿರುಗಿದರು. ಹೇಳು ಎಂಬಂತೆ ಗದ್ದ ಎತ್ತಿದರು.

ನಾನು ಆ ಕ್ಷಣದಲ್ಲಿ ಏನನ್ನು ಯೋಚಿಸಿದೆ — ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಯೋಚಿಸಿದ್ದು ಇಷ್ಟೇ: ಮನೆಮಾತು ಮರಾಠಿ, ಕುಂಬಾರ ಓಣಿ, ಇವರ ಚೀಟಿ ಆ ಕಡೆಯ ಪೆಟ್ಟಿಗೆಗೆ ಬೀಳುತ್ತದೆ. ಒಂದು ಚೀಟಿ. ನಾಲ್ಕು ವರ್ಷ ಅವರ ಒಲೆಯ ಪಕ್ಕ ಕುಳಿತವನಿಗೆ, ಆ ಹೆಂಗಸಿನ ಮನಸ್ಸಿನಲ್ಲಿ ಏನಿದೆಯೆಂದು ಕೇಳಬೇಕೆಂದೂ ತೋಚಲಿಲ್ಲ. ಅವರ ಮನೆಮಾತೇ ಅವರ ಮತ ಎಂದುಕೊಂಡೆ. ಎದ್ದು ನಿಂತು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ವಾಕ್ಯವನ್ನು ಹೇಳಿದೆ: "ಈ ಮತದಾರರ ಗುರುತಿನ ವಿಷಯದಲ್ಲಿ ನನ್ನ ಆಕ್ಷೇಪಣೆಯಿದೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಮಾವಶಿಗೆ ಆ ಗ್ರಂಥದ ಕನ್ನಡ ಅರ್ಥವಾಗಲಿಲ್ಲ. ಏನೋ ತಮ್ಮ ಪರವಾಗಿಯೇ ಹೇಳಿದ್ದಾನೆ ಎಂಬ ನಂಬಿಕೆಯಲ್ಲಿ ಇನ್ನೂ ನಗುತ್ತಲೇ ಇದ್ದರು.

"ನೀವು ಆ ಗಂಗೂಬಾಯಿ ಅಲ್ಲ ಅಂತ ಇವರು ಹೇಳ್ತಿದ್ದಾರಮ್ಮ. ನಿಮ್ಮನ್ನ ಬಲ್ಲವರು ಯಾರಾದ್ರೂ ಇದ್ದಾರಾ?"

"ಅಯ್ಯ, ಇವನ ಅದಾನಲ್ರೀ! ಇವನ್ನ ಕೇಳ್ರಿ. ನಾಕ ವರ್ಷ ನನ್ನ ಕೈಯಾಗ ಉಂಡಾನ."

ಅಧಿಕಾರಿ ನನ್ನ ಮುಖ ನೋಡಿದರು.

"ಈಕೆ ಯಾರೆಂದು ನನಗೆ ಗೊತ್ತಿಲ್ಲ."

ಈ ಮಾತು ಮಾವಶಿಗೆ ಅರ್ಥವಾಯಿತು. ನಗು ಒಮ್ಮೆಲೇ ಹೋಗಲಿಲ್ಲ — ಅದು ಹೋಗುವುದನ್ನು ನಾನು ನೋಡಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಾಗಿಲ ಕಡೆ ಒಂದು ಸಲ ತಿರುಗಿದರು. ಹೊರಗೆ ಹೋದರೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು: ಸರ್ಕಾರದವರೇ ಇವಳನ್ನು ಪರಶುರಾಮನ ಹೆಂಡತಿಯಲ್ಲವೆಂದು ತಿರುಗಿ ಕಳಿಸಿದರು ಎಂದು ಮೈದುನ ಸಂಜೆಯೊಳಗೆ ಓಣಿಯೆಲ್ಲ ಸಾರುತ್ತಿದ್ದ. ನಾನು ಆಕ್ಷೇಪಿಸಿದ್ದು ಒಂದು ಮತವನ್ನು. ಅವರ ಕೈಬಿಟ್ಟು ಹೋಗುತ್ತಿದ್ದದ್ದು ಮನೆ.

ಅಷ್ಟರಲ್ಲಿ ಆರೇಳು ಹೆಂಗಸರು ಬಂದು ಹೊಸಿಲಿನಲ್ಲಿ ನಿಂತರು. ಏನು ತಡವೆಂದು ಅವರು ಕೇಳಿದ್ದಕ್ಕೆ ಅಧಿಕಾರಿ ಬೇಸರದಿಂದ, "ಗಂಡನ ಹೆಸರು ಹೇಳಿ ಅಂದ್ರೆ ಹೇಳ್ತಾ ಇಲ್ಲಮ್ಮ, ನಾನೇನು ಮಾಡ್ಲಿ" ಎಂದರು. ನನ್ನ ಆಕ್ಷೇಪಣೆಯ ವಿಷಯವನ್ನು ಹೇಳಲಿಲ್ಲ. ಆ ಒಂದು ಕಾರಣದಿಂದ ನನ್ನ ಗುಟ್ಟು ಇಷ್ಟು ವರ್ಷ ಉಳಿಯಿತು.

ಮಾವಶಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಧಿಕಾರಿಯ ಮೇಜಿನ ಹತ್ತಿರ ಬಂದು ನಿಂತು, ಮದುವೆಮನೆಯಲ್ಲಿ ಹೊಸ ಹೆಣ್ಣು ನಿಲ್ಲುವ ಹಾಗೆ ನೆಟ್ಟಗೆ ನಿಂತು, ಒಡಪು ಹಾಕಿದರು. ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳುವ ನಮ್ಮ ಕಡೆಯ ರೂಢಿ ಇದು. ಮರಾಠಿಯವರಲ್ಲಿಯೂ ಉಂಟು, ಅವರು ಉಖಾಣಾ ಎನ್ನುತ್ತಾರೆ. ಗಂಡನ ಹೆಸರು ಹೆಂಡತಿಯ ನಾಲಿಗೆಗೆ ಬರುವುದು ಅದೊಂದೇ ದಾರಿಯಲ್ಲಿ, ಅದೂ ಮದುವೆ ಮುಂಜಿಗಳಲ್ಲಿ. ಮಾವಶಿ ಅದನ್ನು ಮತಗಟ್ಟೆಯಲ್ಲಿ ಹಾಕಿದರು. ಅಧಿಕಾರಿಗೆ ತಿಳಿಯಲೆಂದು ತಮ್ಮ ಮನೆಮಾತನ್ನು ಬಿಟ್ಟು ಕನ್ನಡದಲ್ಲಿ, ನಿಂತ ನಿಲುವಿನಲ್ಲಿ ಕಟ್ಟಿ ಹಾಕಿದರು:

"ಲೋಂಡಾದಾಗ ನಿಂತ ಗಾಡಿ ಇಂದಲ್ಲ ನಾಳಿ ಬಂದೀತ,
ಪರಶರಾಮರ ಹೆಸರ ಹೇಳಿದ್ರ ಈ ಚೀಟಿ ನನಗ ಸಿಕ್ಕೀತ?"

ಹೊಸಿಲಿನ ಹೆಂಗಸರು ಹೋ ಎಂದು ನಕ್ಕರು. ಒಬ್ಬಳು ಚಪ್ಪಾಳೆ ತಟ್ಟಿದಳು. "ಕೊಡ್ರಿ ಸಾಹೇಬ್ರ, ಚೀಟಿ ಕೊಡ್ರಿ! ಇಷ್ಟ ಛಂದ ಹೇಳಿದ ಮ್ಯಾಲ ಎರಡ ಕೊಡಬೇಕು!" ಎಂದಳು ಇನ್ನೊಬ್ಬಳು. ಇನ್ನೂ ಒಬ್ಬಳು, "ನಿಮ್ಮ ಮನಿಯವ್ರಿಂದೂ ಒಂದ ಹೇಳಸ್ರಿ, ನಾವೂ ಕೇಳೂಣು" ಎಂದು ಅಧಿಕಾರಿಯನ್ನೇ ಛೇಡಿಸಿದಳು. ಅವರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಏನ್ರೀ, ಇನ್ನೂ ಆಕ್ಷೇಪಣೆ ಇದೆಯಾ?"

"ಇಲ್ಲ" ಎಂದೆ.

ಮಾವಶಿ ಚೀಟಿ ತೆಗೆದುಕೊಂಡು ಪರದೆಯ ಹಿಂದೆ ಹೋದರು. ಯಾವ ಪೆಟ್ಟಿಗೆಯಲ್ಲಿ ಹಾಕಿದರೋ ನನಗೆ ಗೊತ್ತಿಲ್ಲ. ಇಂದಿಗೂ ಗೊತ್ತಿಲ್ಲ. ಹೊರಗೆ ಹೋಗುವಾಗ ನನ್ನ ಮುಂದೆಯೇ ಹಾದುಹೋದರು. ನಾನು ಮೇಜಿನ ಮೇಲಿನ ಮಸಿಯ ಕಲೆಯನ್ನು ನೋಡುತ್ತಿದ್ದೆ. ಸಂಜೆ ಪೆಟ್ಟಿಗೆಗಳಿಗೆ ಮೊಹರು ಹಾಕುವಾಗ ಅಧಿಕಾರಿ ಮೆಲ್ಲಗೆ ಕೇಳಿದರು: "ಆಕೆ ನಿಮಗೆ ನಿಜವಾಗಿ ಗೊತ್ತಿರಲಿಲ್ವಾ?" ನಾನು ಮತ್ತೊಮ್ಮೆ ಇಲ್ಲವೆಂದೆ.

ಇಲ್ಲಿಗೇ ಮುಗಿದಿದ್ದರೆ ಅದು ಒಂದು ದಿನದ ಹೇಡಿತನವಾಗುತ್ತಿತ್ತು. ಮುಗಿಯಲಿಲ್ಲ.

ಒಡಪಿನ ಸುದ್ದಿ ಊರೂರಿಗೆ ಹಬ್ಬಿತು. ನನಗಿಂತ ಮೊದಲೇ ನಂದಗಡಕ್ಕೆ ತಲುಪಿತು. ಅವ್ವ ಅಂಗಳದಲ್ಲೇ ಹಿಡಿದು, "ನೀ ಅಲ್ಲೇ ಇದ್ದಿ ಅಲ್ಲ, ಹೇಳ ಹೇಳ, ಗಂಗೂ ಹ್ಯಾಂಗ ಅಂದ್ಳು?" ಎಂದು ಕೇಳಿದಳು. ನಾನು ಹೇಳಿದೆ. ನಟಿಸಿಯೂ ತೋರಿಸಿದೆ. ಅಪ್ಪ ಗಾಣದ ಎತ್ತು ನಿಲ್ಲಿಸಿ ನಕ್ಕ. ಅವ್ವ ಕಣ್ಣೊರೆಸಿಕೊಂಡು, "ನಾಳೆ ಹೋಗಿ ಆಕಿನ್ನ ಕರಕೊಂಡ ಬಾ. ಹೋಳಗಿ ಮಾಡ್ತೀನಿ" ಎಂದಳು.

ನಾನು ಹೇಗೆ ಹೋಗಲಿ? ಯಾವ ಮುಖದಿಂದ? ಹೋಗದೆ ಇರಲು ಒಂದು ಕಾರಣ ಬೇಕಿತ್ತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದ ಕಾರಣವೇ ನನ್ನ ಬಾಯಿಗೂ ಬಂತು.

"ನಾ ಹೋಗೂದಿಲ್ಲವ್ವ. ಕನ್ನಡದವರು ಇನ್ನ ನನ್ನ ಹೊಸ್ತಲಾ ತುಳೀಬಾರ್ದು ಅಂದಾಳ ಮಾವಶಿ. ನನಗೂ ಅಂದ್ಳು, ನಿಮ್ಮವ್ವಗೂ ಹೇಳು ಅಂದ್ಳು."

ಅವ್ವ ಕಣ್ಣೊರೆಸುತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಳು. "ಗಂಗೂ ಅಂದ್ಳಾ?" ಎಂದು ಒಮ್ಮೆ ಕೇಳಿದಳು. ನಾನು ಹೌದೆಂದೆ. ಬಿ.ಎ. ಆದ ಮಗ ಸುಳ್ಳು ಹೇಳಿಯಾನೆಂದು ಅವಳಿಗೆ ಅನ್ನಿಸಲಿಲ್ಲ.

ಮುಂದಿನ ಸಂತೆಯಲ್ಲಿ ಅವ್ವ ತನ್ನ ಡಬ್ಬಿಗಳನ್ನು ಎತ್ತಿ ಬೇವಿನ ಮರದ ಆಚೆ ಬದಿಗೆ ಇಟ್ಟುಕೊಂಡಳು. ಮಾವಶಿ ಎದ್ದು ಬಂದು, "ಏನಾತ ಬಸವ್ವಾ?" ಎಂದು ಕೇಳಿದರಂತೆ. ಅವ್ವ, "ನಿನಗ ಗೊತ್ತಿಲ್ಲೇನ?" ಎಂದು ಮುಖ ತಿರುಗಿಸಿದಳಂತೆ. ಮಾವಶಿ ಅಲ್ಲಿಯೇ, ಎಲ್ಲರೆದುರಿಗೆ, ನನ್ನ ಮಗನಂಥ ನಿನ್ನ ಮಗ ನನಗೆ ಹೀಗೆ ಮಾಡಿದ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತಿರುಗಿ ಹೋಗಿ ತಮ್ಮ ಗಡಿಗೆಗಳ ಹಿಂದೆ ಕುಳಿತರು. ಏಕೆ ಹೇಳಲಿಲ್ಲ ಎಂಬುದಕ್ಕೆ ನಾನು ಜೀವನಪೂರ್ತಿ ಬೇರೆ ಬೇರೆ ಉತ್ತರಗಳನ್ನು ಕಲ್ಪಿಸಿಕೊಂಡಿದ್ದೇನೆ; ಒಂದೂ ನನಗೆ ಅನುಕೂಲವಾದದ್ದಲ್ಲ.

ಅವ್ವ ಮತ್ತೆ ಖಾನಾಪುರದ ಗಡಿಗೆಯನ್ನು ಮನೆಗೆ ತರಲಿಲ್ಲ. ಹಿತ್ತಾಳೆಯ ಕೊಡದಲ್ಲಿ ನೀರು ತುಂಬಿಸತೊಡಗಿದಳು. ಬೇಸಿಗೆಯಲ್ಲಿ ಅದು ಬೆಚ್ಚಗಿರುತ್ತಿತ್ತು. ಯಾರೂ ಕಾರಣ ಕೇಳಲಿಲ್ಲ. ಕೆಲವು ವರ್ಷಗಳ ನಂತರ ಅದು ನಮ್ಮ ಮನೆಯ ರೂಢಿಯೇ ಆಯಿತು. ನನ್ನ ಹೆಂಡತಿ ಶಾಂತಾ ಮದುವೆಯಾಗಿ ಬಂದಾಗ, "ಈ ಮನ್ಯಾಗ ಮಣ್ಣಿನ ಗಡಿಗಿ ಆಗಿಬರೂದಿಲ್ಲ" ಎಂದು ಅವಳಿಗೆ ಹೇಳಲಾಯಿತು. ನನ್ನ ಮಕ್ಕಳು ಅದು ನಮ್ಮ ಕುಲದ ನಿಯಮವೆಂದೇ ತಿಳಿದು ಬೆಳೆದರು.

ವಕೀಲರು ನನ್ನನ್ನು ಮರೆತರು. ನಾನು ಅರ್ಜಿ ಹಾಕಿ, ಪರೀಕ್ಷೆ ಬರೆದು, ಬೆಳಗಾವಿಯ ಒಂದು ಕಚೇರಿಗೆ ಗುಮಾಸ್ತನಾಗಿ ಸೇರಿದೆ. ಗೋವೆಯ ದಾರಿ ತೆರೆದ ಮೇಲೆ ಪರಶುರಾಮ ತಿರುಗಿ ಬಂದರು, ಮೈದುನನ ಬಾಯಿ ಕಟ್ಟಿತು ಎಂದು ಕೇಳಿದೆ. ಒಮ್ಮೆ ಬೆಳಗಾವಿಯ ರೈಲು ನಿಲ್ದಾಣದಲ್ಲಿ ಅವರಿಬ್ಬರನ್ನೂ ದೂರದಿಂದ ನೋಡಿದೆ; ಕಂಬದ ಮರೆಗೆ ಸರಿದೆ. ಬಡ್ತಿ ಸಿಗುತ್ತ ಸಿಗುತ್ತ ನಾನು ಪ್ರಮಾಣಪತ್ರಗಳಿಗೆ ಸಹಿ ಹಾಕುವ ದರ್ಜೆಗೆ ಬಂದೆ. "ಇವರನ್ನು ನಾನು ಖುದ್ದಾಗಿ ಬಲ್ಲೆನು" — ಈ ಒಕ್ಕಣೆಯ ಕೆಳಗೆ, ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದವರಿಗೆಲ್ಲ ಸಹಿ ಹಾಕಿಕೊಟ್ಟೆ. ಪ್ರತಿ ಸಲವೂ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಜವಾನ ಇದನ್ನು ನನ್ನ ಎಚ್ಚರಿಕೆ ಎಂದು ಹೊಗಳುತ್ತಿದ್ದ.

ಅವ್ವ ತೀರಿಕೊಂಡಾಗ ಮಾವಶಿ ಬದುಕಿದ್ದರು. ಸುದ್ದಿ ಕಳಿಸಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಮಾವಶಿಯೂ ಹೋದರು; ಅದು ನನಗೆ ತಿಳಿದದ್ದು ತಿಂಗಳುಗಳ ನಂತರ.

ಹೇಳದೆಯೇ ಹೋಗಿಬಿಡುತ್ತಿದ್ದೆನೋ ಏನೋ. ಆದರೆ ಕಳೆದ ವಿಧಾನಸಭಾ ಚುನಾವಣೆಯಲ್ಲಿ, ಎಂಬತ್ತು ದಾಟಿದವರ ಮತವನ್ನು ಮನೆಗೇ ಬಂದು ಪಡೆಯುವ ವ್ಯವಸ್ಥೆಯಾಯಿತು. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಗೆ ಅಧಿಕಾರಿಗಳು ಬಂದರು. ಊಟದ ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ನನ್ನದಾದ ಮೇಲೆ ಶಾಂತಾಳ ಸರದಿ. ಕಾಗದ ತುಂಬುತ್ತಿದ್ದ ಚಿಕ್ಕ ವಯಸ್ಸಿನ ಶಿಕ್ಷಕಿ, "ಅಜ್ಜಿ, ಗಂಡನ ಹೆಸರ ಹೇಳ್ರಿ" ಎಂದರು.

ಶಾಂತಾ ಹಳೆಯ ಕಾಲದವಳು. ಇಂದಿಗೂ ನನ್ನ ಹೆಸರು ಹೇಳುವುದಿಲ್ಲ. ನಕ್ಕು, ನನ್ನ ಕಡೆ ಕೈ ತೋರಿಸಿದಳು. "ಅಲ್ಲೇ ಕುಂತಾರಲ್ಲವಾ. ಅವರನ್ನ ಕೇಳ್ರಿ, ನಾ ಯಾರು ಅಂತ."

ಇವನ್ನ ಕೇಳ್ರಿ. ಅವರನ್ನ ಕೇಳ್ರಿ.

"ಬಲ್ಲೆ!" ಎಂದೆ. "ಈಕೆಯನ್ನು ನಾನು ಬಲ್ಲೆ!"

"ಅಜ್ಜಾ, ಇಷ್ಟ ಜೋರಾಗಿ ಯಾಕ? ನಮಗ ಕಿವಿ ಕೇಳಸ್ತಾವ" ಎಂದು ಶಿಕ್ಷಕಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಅಳುತ್ತಿದ್ದೆ.

ಅವರು ಹೋದ ಮೇಲೆ ಶಾಂತಾಳಿಗೂ ಮಗನಿಗೂ ಎಲ್ಲವನ್ನೂ ಹೇಳಿದೆ. ಶಾಂತಾ ಅಂದಳು: "ನನ್ನ ಲಗ್ನಕ್ಕಿಂತ ಹಳೇ ಸುಳ್ಳ ಇದು. ಇದನ್ನ ಹೊಟ್ಯಾಗ ಇಟಗೊಂಡು ಮಕ್ಕಳಿಗೆ ದಿನಾ ಖರೇ ಮಾತಾಡ್ರಿ ಅಂತಿದ್ರಿ." ಸ್ವಲ್ಪ ಹೊತ್ತಿನ ನಂತರ, "ಆಕಿ ಮಗಳು ಅದಾಳಲ್ಲ? ನಡೀರಿ, ಖಾನಾಪುರಕ್ಕ ಹೋಗೂಣು" ಎಂದಳು.

ಸುಮನ್‌ಗೆ ಈಗ ಮೊಮ್ಮಕ್ಕಳಿದ್ದಾರೆ. ಅದೇ ಓಣಿ, ಅದೇ ಮನೆ, ಮುಂದೆ ಗಡಿಗೆಗಳ ಅಂಗಡಿ. ನಾನು ನಿಂತುಕೊಂಡೇ ಹೇಳಿದೆ, ಕೂಡಲು ಮನಸ್ಸಾಗಲಿಲ್ಲ. ಆಕ್ಷೇಪಣೆಯ ಮಾತು, ಗೊತ್ತಿಲ್ಲವೆಂದ ಮಾತು, ಅವ್ವನಿಗೆ ಹೇಳಿದ ಮಾತು. ಮುಗಿದ ಮೇಲೆ ಸುಮನ್ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡಳು.

"ಅಂದ್ರ ನಾವು ಇಷ್ಟ ವರ್ಷ ನಿಮ್ಮವ್ವಗ ಸುಮ್ಮನ ಬೈಕೊಂತ ಬಂದಿವಲ್ರೀ!"

ನನಗೆ ಅರ್ಥವಾಗಲಿಲ್ಲ.

"ಮಗ ಬಿ.ಎ. ಆದ, ಬಸವ್ವಗ ಸೊಕ್ಕ ಬಂತು, ಕುಂಬಾರರ ಬಾಜು ಕುಂಡ್ರಾಕ ನಾಚಿಕಿ ಬಂತು ಅಂತ ನಮ್ಮಪ್ಪ ಅಂತಿದ್ದ, ನಾವೂ ಅಂತಿದ್ವಿ. ಆಯಿ ಒಬ್ಬಾಕಿನ, ಬಸವ್ವ ಹಂತಾಕಿ ಅಲ್ಲ, ಯಾರೋ ಏನೋ ಹೇಳ್ಯಾರು ಅಂತಿದ್ಳು. ಯಾರು ಅಂತ ಹೇಳಲಿಲ್ಲ."

ಯಾರೆಂದು ಆಕೆಯ ಆಯಿ, ನನ್ನ ಮಾವಶಿ, ಹೇಳಲಿಲ್ಲ. ಆ ಮನೆಯಲ್ಲಿ ಅವ್ವನ ಹೆಸರು ಕೆಟ್ಟಿರಬಹುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ತಪ್ಪನ್ನು ಅಷ್ಟು ಕಾಲ ಅವಳು ಅಲ್ಲಿ ಹೊತ್ತುಕೊಂಡಿದ್ದಳು. ಮತ್ತು — ಇದನ್ನು ಹೇಳಲು ಸಂಕೋಚವಾಗುತ್ತದೆ — ಆ ಕ್ಷಣದಲ್ಲಿ ನನಗಾದದ್ದು ದುಃಖಕ್ಕಿಂತ ಹೆಚ್ಚಾಗಿ ಬಿಡುಗಡೆ. ನಾನು ಹೇಳಿದ ಮಾತಿನಿಂದ ಅವ್ವ ಆ ಮನೆಯಲ್ಲಿ ಮತ್ತೆ ಒಳ್ಳೆಯವಳಾಗಿದ್ದಳು. ಉಸಿರು ಸಲೀಸಾಗಿ ಆಡಿತು. ಇಷ್ಟು ಸುಲಭವಿತ್ತೇ ಎನ್ನಿಸಿತು. ಇಷ್ಟು ಸುಲಭವಿದ್ದದ್ದನ್ನು ಅವರಿಬ್ಬರು ಬದುಕಿದ್ದಾಗ ಮಾಡಲಿಲ್ಲವಲ್ಲ ಎಂದೂ —

"ಕ್ಷಮಿಸು ಎಂದು ಕೇಳಲು ನನಗೆ ಅಧಿಕಾರವಿಲ್ಲ" ಎಂದೆ. ಗಾಬರಿಯಾದಾಗ ನನ್ನ ಮಾತು ಪುಸ್ತಕದಂತಾಗುತ್ತದೆ.

"ನಾ ಹ್ಯಾಂಗ ಮಾಫಿ ಮಾಡ್ಲಿ?" ಎಂದಳು ಸುಮನ್. "ಅದು ಆಯಿ ಮಾಡಬೇಕಾಗಿತ್ತು. ನಾ ಚಹಾ ಮಾಡ್ತೀನಿ. ಕುಂದರ್ರಿ."

ಕುಳಿತೆ. ಚಹಾ ಕುಡಿಯುವಾಗ ಶಾಂತಾ ಒಡಪನ್ನು ಕೇಳಿದಳು. ಅದು ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಾಯಿಪಾಠ. ಪ್ರತಿ ಮದುವೆಯಲ್ಲಿ ಪರಶುರಾಮನ ಹೆಸರಿನ ಜಾಗದಲ್ಲಿ ತಮ್ಮ ತಮ್ಮ ಗಂಡಂದಿರ ಹೆಸರು ಹಾಕಿ ಹೇಳುತ್ತಾರಂತೆ. ಎದುರಿಗೆ ಯಾರು ಕುಳಿತಿದ್ದ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ಸುಮನ್‌ಳ ಮೊಮ್ಮಗಳು ನನ್ನನ್ನು ದಿಟ್ಟಿಸಿ ನೋಡಿ, "ಖರೇನ ಗೊತ್ತಿಲ್ಲ ಅಂದ್ರೀ ಅಜ್ಜಾ?" ಎಂದು ಕೇಳಿದಳು. ಹೌದು ಎಂದೆ. ಆ ಹೌದನ್ನು ಅವಳ ಮುಖ ನೋಡುತ್ತಲೇ ಹೇಳಿದೆ.

ನನ್ನಲ್ಲಿ ಸಮರ್ಥನೆಯಿಲ್ಲ. ವಯಸ್ಸು ಚಿಕ್ಕದಿತ್ತು ಎನ್ನಲಾರೆ. ಮತ ಹಾಕುವ ವಯಸ್ಸಾಗಿತ್ತು. ಕಾಲ ಹಾಗಿತ್ತು ಎನ್ನಲಾರೆ. ಅದೇ ಕಾಲದಲ್ಲಿ ಮಾವಶಿಯೂ ಇದ್ದರು.

ಆಮೇಲೆ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಯನ್ನು ಹೇಳಿ ಮುಗಿಸುತ್ತೇನೆ. ಎರಡೂ ಮನೆಯವರು ಹಬ್ಬಹುಣ್ಣಿಮೆಗೆ ಹೋಗಿಬಂದು ಮಾಡುತ್ತೇವೆ. ನನ್ನ ಮೊಮ್ಮಗನ ಮದುವೆಯಲ್ಲಿ ಸುಮನ್ ನಮ್ಮ ಕಡೆಯ ಹಿರಿಯಳಾಗಿ ಮುಂದೆ ನಿಂತಳು. ಹಿತ್ತಾಳೆಯ ಕೊಡವನ್ನು ಶಾಂತಾ ಅಟ್ಟಕ್ಕೆ ಹಾಕಿದ್ದಾಳೆ. ಅಡುಗೆಮನೆಯಲ್ಲಿ ಈಗ ಖಾನಾಪುರದ ಮಣ್ಣಿನ ಗಡಿಗೆ ಇದೆ. ನೀರು ತಂಪಾಗಿರುತ್ತದೆ.